ಜಠರದಲ್ಲಿ ವೈರಸ್: ಅತಿಥಿಯೋ, ಅಪರಾಧಿಯೋ?

ನೀವು ವಯಸ್ಕರಾಗಿದ್ದರೆ, ಈ ಸಾಲುಗಳನ್ನು ಓದುತ್ತಿರುವಾಗ ನಿಮ್ಮ ರಕ್ತದಲ್ಲಿ ಒಂದು ವೈರಸ್ ಮನೆಮಾಡಿಕೊಂಡಿದೆ ಎಂದರೆ ಆ ಮಾತು ಸುಳ್ಳಾಗುವ ಸಂಭವ ತೀರ ಕಡಿಮೆ. ಪ್ರಪಂಚದ ವಯಸ್ಕರಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಮಂದಿ ಇದನ್ನು ಹೊತ್ತು ತಿರುಗುತ್ತಾರೆ. ಇದರ ಹೆಸರು ಎಪ್‌ಸ್ಟೀನ್-ಬಾರ್ ವೈರಸ್, ಚಿಕ್ಕದಾಗಿ ಇಬಿವಿ. ನಮ್ಮಂಥ ದೇಶಗಳಲ್ಲಿ ಬಹುಮಂದಿಗೆ ಇದು ಎಳೆಯ ವಯಸ್ಸಿನಲ್ಲೇ ಎಂಜಲಿನ ಮೂಲಕ ಬರುತ್ತದೆ. ಬಂದದ್ದು ತಿಳಿಯುವುದಿಲ್ಲ. ಒಮ್ಮೆ ಬಂದ ಮೇಲೆ ಅದು ಹೋಗುವುದೂ ಇಲ್ಲ. ಬಿ ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳೊಳಗೆ ಜೀವನಪರ್ಯಂತ ತೆಪ್ಪಗೆ ಕುಳಿತಿರುತ್ತದೆ.

ಇದೇ ವೈರಸ್ ಜಠರದ ಕ್ಯಾನ್ಸರ್ ಗಂತಿಗಳಲ್ಲಿಯೂ ಸಿಗುತ್ತದೆ. ಎಲ್ಲ ಗಂತಿಗಳಲ್ಲಿ ಅಲ್ಲ, ಸುಮಾರು ಹನ್ನೆರಡರಲ್ಲಿ ಒಂದರಲ್ಲಿ. 2022ರಲ್ಲಿ ಜಗತ್ತಿನಾದ್ಯಂತ ಹೊಸದಾಗಿ ಜಠರದ ಕ್ಯಾನ್ಸರ್ ಬಂದವರ ಸಂಖ್ಯೆ ಸುಮಾರು 9 ಲಕ್ಷ 68 ಸಾವಿರ ಎಂಬ ಅಂದಾಜಿದೆ. ಹಾಗೆ ನೋಡಿದರೆ, ವರ್ಷಕ್ಕೆ 80 ಸಾವಿರ ಮಂದಿಯ ಗಂತಿಯಲ್ಲಿ ಈ ವೈರಸ್ ಇದೆ. ಪ್ರಶ್ನೆ ಇರುವುದು ಇಲ್ಲಿ. ಎಲ್ಲರ ಮೈಯಲ್ಲೂ ಇರುವ ಒಂದು ವೈರಸ್ ಒಬ್ಬನ ಗಂತಿಯಲ್ಲಿ ಸಿಕ್ಕಿತೆಂದರೆ ಅದೇ ಆ ಗಂತಿಗೆ ಕಾರಣವೆಂದು ಹೇಳಬಹುದೇ? ಕಾಗೆ ಕೂತದ್ದಕ್ಕೂ ಕೊಂಬೆ ಮುರಿದದ್ದಕ್ಕೂ ಸರಿಹೋಯಿತು ಎಂಬ ಗಾದೆ ನಿಮಗೆ ಗೊತ್ತೇ ಇದೆ. ಕಾಗೆಯ ಭಾರಕ್ಕೇ ಕೊಂಬೆ ಮುರಿಯಿತೋ, ಮುರಿಯಲಿದ್ದ ಕೊಂಬೆಯ ಮೇಲೆ ಕಾಗೆ ಬಂದು ಕೂತಿತೋ? ಇದನ್ನು ಬಿಡಿಸಲು ವಿಜ್ಞಾನಿಗಳು ಪಟ್ಟ ಪಾಡಿನ ಕಥೆ ಇದು. ಒಮ್ಮೆ ಅವರು ಇದೇ ಜಠರದ ವಿಷಯದಲ್ಲಿ ದೊಡ್ಡದಾಗಿ ಎಡವಿದ್ದೂ ಉಂಟು. ಅಲ್ಲಿಂದಲೇ ಶುರುಮಾಡೋಣ.

ಜಿರಲೆ ತಿಂದ ಇಲಿಗಳು

1907ರಲ್ಲಿ ಡೆನ್ಮಾರ್ಕಿನ ಯೊಹಾನೆಸ್ ಫಿಬಿಗರ್ ಕ್ಷಯರೋಗದ ಅಧ್ಯಯನಕ್ಕಾಗಿ ಇಲಿಗಳನ್ನು ಸೀಳಿ ನೋಡುತ್ತಿದ್ದರು. ಮೂರು ಇಲಿಗಳ ಜಠರದಲ್ಲಿ ಗಂತಿಗಳು ಕಂಡವು. ಗಂತಿಗಳ ಒಳಗೆ ದಾರದಂಥ ಸಣ್ಣ ಹುಳುಗಳಿದ್ದವು. ಅಂಥವೇ ಬೇರೆ ಇಲಿಗಳಿಗಾಗಿ ಅವರು ಸಾವಿರಕ್ಕೂ ಹೆಚ್ಚು ಇಲಿಗಳನ್ನು ತಪಾಸಿಸಿದರು, ಒಂದೂ ಸಿಗಲಿಲ್ಲ. ಹುಳುವಿನ ಜೀವನಚಕ್ರದಲ್ಲಿ ಜಿರಲೆಯ ಪಾತ್ರವಿದೆಯೆಂದು ಊಹಿಸಿ, ಕೋಪನ್‌ಹೇಗನ್ನಿನಲ್ಲಿ ಜಿರಲೆ ತುಂಬಿದ್ದ ಒಂದು ಸಕ್ಕರೆ ಕಾರ್ಖಾನೆಯ ಇಲಿಗಳನ್ನು ತರಿಸಿದಾಗ ಹುಳುಗಳೂ ಗಂತಿಗಳೂ ಮತ್ತೆ ಕಂಡವು. ಹುಳು ಇದ್ದ ಜಿರಲೆಗಳನ್ನು ಆರೋಗ್ಯವಂತ ಇಲಿಗಳಿಗೆ ತಿನ್ನಿಸಿದರು. ಅವುಗಳ ಜಠರದಲ್ಲೂ ಗಂತಿ ಬೆಳೆಯಿತು. 1913ರಲ್ಲಿ ಇದನ್ನು ಪ್ರಕಟಿಸಿದರು. ಪ್ರಯೋಗಶಾಲೆಯಲ್ಲಿ ಬೇಕೆಂದಾಗ ಕ್ಯಾನ್ಸರ್ ಉಂಟುಮಾಡಿದ ಮೊದಲಿಗರು ಎಂಬ ಕೀರ್ತಿ ಬಂತು. 1926ನೇ ಸಾಲಿನ ನೊಬೆಲ್ ಬಹುಮಾನವನ್ನು ಅವರಿಗೆ 1927ರ ಡಿಸೆಂಬರಿನಲ್ಲಿ ಕೊಟ್ಟರು. ಮರುತಿಂಗಳೇ ಅವರು ತೀರಿಕೊಂಡರು. ಅವರಿಗೆ ದೊಡ್ಡಕರುಳಿನ ಕ್ಯಾನ್ಸರ್ ಇತ್ತು.

ಫಿಬಿಗರ್ ನೋಡಿದ್ದು ಸುಳ್ಳಲ್ಲ. ಹುಳು ಇತ್ತು, ಗಂತಿಯೂ ಇತ್ತು. ಆದರೆ ಆ ಇಲಿಗಳ ಆಹಾರದಲ್ಲಿ ಎ ಜೀವಸತ್ವ ಇರಲಿಲ್ಲ. ಆ ಕೊರತೆಯಿಂದ ಜಠರದ ಒಳಪೊರೆ ದಪ್ಪಗಾಗುತ್ತದೆ. ಹುಳುಗಳ ಉಪಟಳ ಸೇರಿದಾಗ ಗಂತಿಯ ಹಾಗೆ ಉಬ್ಬುತ್ತದೆ. 1952ರಲ್ಲಿ ಅಮೆರಿಕದ ಹಿಚ್‌ಕಾಕ್ ಮತ್ತು ಬೆಲ್ ಪ್ರಯೋಗವನ್ನು ಮತ್ತೆ ಮಾಡಿದಾಗ, ಎ ಜೀವಸತ್ವ ಸಿಕ್ಕ ಇಲಿಗಳಲ್ಲಿ ಹುಳು ಇದ್ದರೂ ಅಂಥ ಬದಲಾವಣೆ ಬರಲಿಲ್ಲ. ಫಿಬಿಗರ್ ಕ್ಯಾನ್ಸರ್ ಎಂದದ್ದು ನಿಜವಾದ ಕ್ಯಾನ್ಸರೇ ಆಗಿರಲಿಲ್ಲ ಎಂಬುದು ಮುಂದಿನವರ ತೀರ್ಮಾನ. ಅವರನ್ನು ನಗೆಪಾಟಲು ಮಾಡುವುದು ಸುಲಭ, ಆದರೆ ನನಗೆ ಅದು ನ್ಯಾಯವೆನಿಸುವುದಿಲ್ಲ. ಎ ಜೀವಸತ್ವ ಗೊತ್ತಾದದ್ದೇ ಅವರ ಪ್ರಯೋಗದ ಕಾಲಕ್ಕೆ. ಅಧ್ಯಾಪಕರು ನಿಯಂತ್ರಿತ ಪ್ರಯೋಗವೆಂದರೇನೆಂದು ತರಗತಿಯಲ್ಲಿ ವಿವರಿಸುವಾಗ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಆ ಹೊತ್ತಿಗಾಗಲೇ, 1911ರಲ್ಲಿ, ನ್ಯೂಯಾರ್ಕಿನಲ್ಲಿ ಪೇಟನ್ ರೌಸ್ ಎಂಬವರು ಕೋಳಿಯ ಗಂತಿಯನ್ನು ಅರೆದು, ಬ್ಯಾಕ್ಟೀರಿಯಗಳೂ ದಾಟಲಾರದ ಸೋಸುಕದಲ್ಲಿ ಸೋಸಿ, ಆ ದ್ರವವನ್ನು ಬೇರೆ ಕೋಳಿಗೆ ಚುಚ್ಚಿದಾಗ ಅದಕ್ಕೂ ಗಂತಿ ಬರುತ್ತದೆಂದು ತೋರಿಸಿದ್ದರು. ಅಂದರೆ ವೈರಸ್ಸಿನಿಂದ ಕ್ಯಾನ್ಸರ್. ಯಾರೂ ಹೆಚ್ಚಾಗಿ ನಂಬಲಿಲ್ಲ. ಕೋಳಿಗೆ ಬಂದದ್ದು ಮನುಷ್ಯನಿಗೆ ಬರಬೇಕೆಂದೇನು ಎಂದರು. ಫಿಬಿಗರ್ ನಂತರ ಕ್ಯಾನ್ಸರ್ ಸಂಶೋಧನೆಗೆ ನೊಬೆಲ್ ಬಂದದ್ದು 1966ರಲ್ಲಿ, ಅದೂ ರೌಸ್ ಅವರಿಗೆ. ಆಗ ಅವರ ವಯಸ್ಸು 87.

ಮಂಜಿನಲ್ಲಿ ತಡವಾದ ವಿಮಾನ

ಮನುಷ್ಯನ ಕ್ಯಾನ್ಸರ್ ವೈರಸ್ಸಿನ ಕಥೆ ಆಫ್ರಿಕದಲ್ಲಿ ಆರಂಭವಾಗುತ್ತದೆ. ಡೆನಿಸ್ ಬರ್ಕಿಟ್ ಐರ್ಲೆಂಡಿನವರು, ಬಾಲ್ಯದಲ್ಲೇ ಒಂದು ಕಣ್ಣು ಕಳೆದುಕೊಂಡಿದ್ದವರು, ಉಗಾಂಡದ ಕಂಪಾಲದಲ್ಲಿ ಶಸ್ತ್ರವೈದ್ಯರು. 1957ರಲ್ಲಿ ಅವರು ದವಡೆಯ ಎರಡೂ ಬದಿ, ಮೇಲೂ ಕೆಳಗೂ, ಊದಿಕೊಂಡಿದ್ದ ಒಬ್ಬ ಹುಡುಗನನ್ನು ನೋಡಿದರು. ಅಂಥವೇ ಇನ್ನಷ್ಟು ಮಕ್ಕಳು ಕಂಡರು. 1961ರಲ್ಲಿ ಇಬ್ಬರು ಸ್ನೇಹಿತರೊಂದಿಗೆ ಹಳೆಯ ಕಾರೊಂದರಲ್ಲಿ ಆಫ್ರಿಕದಲ್ಲಿ 10,000 ಮೈಲಿ ಸುತ್ತಿ, ಈ ಗಂತಿ ಎಲ್ಲಿದೆ ಎಲ್ಲಿಲ್ಲ ಎಂದು ಆಸ್ಪತ್ರೆಯಿಂದ ಆಸ್ಪತ್ರೆಗೆ ಕೇಳಿಕೊಂಡು ಹೋದರು. ಬಿಸಿಯೂ ಮಳೆಯೂ ಇರುವ ತಗ್ಗು ನಾಡಿನಲ್ಲಿ ಅದು ಇತ್ತು, ಎತ್ತರದ ತಂಪು ಪ್ರದೇಶದಲ್ಲಿ ಇರಲಿಲ್ಲ. ಸೊಳ್ಳೆಯಂಥ ಕೀಟ ಹರಡುವ ಸೋಂಕು ಇರಬಹುದೇ ಎಂಬ ಗುಮಾನಿ ಹುಟ್ಟಿದ್ದು ಹಾಗೆ.

1961ರ ಮಾರ್ಚ್ 22ರಂದು ಬರ್ಕಿಟ್ ಲಂಡನ್ನಿನ ಮಿಡಲ್‌ಸೆಕ್ಸ್ ಆಸ್ಪತ್ರೆಯಲ್ಲಿ ಈ ಬಗ್ಗೆ ಉಪನ್ಯಾಸ ಕೊಟ್ಟರು. ಕೇಳಲು ಬಂದಿದ್ದ ಆಂಟನಿ ಎಪ್‌ಸ್ಟೀನ್ ಆಗ ರೌಸ್ ಅವರ ಕೋಳಿ ವೈರಸ್ಸನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದವರು. ಇದು ವೈರಸ್ಸಿನದೇ ಕೆಲಸ ಎಂದು ಅವರಿಗೆ ಅಲ್ಲೇ ಅನ್ನಿಸಿತು. ಕಂಪಾಲದಿಂದ ಗಂತಿಯ ತುಣುಕುಗಳನ್ನು ವಿಮಾನದಲ್ಲಿ ತರಿಸುವ ಏರ್ಪಾಡಾಯಿತು. ಎರಡು ವರ್ಷಕ್ಕೂ ಮೇಲ್ಪಟ್ಟು ನೋಡಿದರೂ ಏನೂ ಕಾಣಲಿಲ್ಲ. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ ಕೊಟ್ಟ 45,000 ಡಾಲರ್ ಅನುದಾನದಲ್ಲಿ ಇವಾನ್ ಬಾರ್ ಎಂಬ ಯುವತಿಯೂ ಟ್ರಿನಿಡಾಡ್ ಮೂಲದ ಬರ್ಟ್ ಅಚಾಂಗ್ ಅವರೂ ಕೆಲಸಕ್ಕೆ ಸೇರಿದ್ದರು.

1963ರ ಡಿಸೆಂಬರ್ 5ರಂದು ಲಂಡನ್ನಿನಲ್ಲಿ ಮಂಜು ಕವಿದು, ತುಣುಕು ತರುತ್ತಿದ್ದ ವಿಮಾನ ಮ್ಯಾಂಚೆಸ್ಟರಿಗೆ ತಿರುಗಿತು. ಸಂಜೆ ಕೈಸೇರಿದ ಶೀಶೆಯ ದ್ರವ ಕದಡಿ ಹೋಗಿತ್ತು. ಬ್ಯಾಕ್ಟೀರಿಯ ಸೇರಿ ಕೆಟ್ಟಿದೆ ಎಂದು ಯಾರಾದರೂ ಚೆಲ್ಲಿಬಿಡುತ್ತಿದ್ದರು. ಎಪ್‌ಸ್ಟೀನ್ ಒಂದು ಹನಿಯನ್ನು ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿದರು. ಕದಡಿದ್ದು ಬ್ಯಾಕ್ಟೀರಿಯದಿಂದ ಅಲ್ಲ. ದಾರಿಯುದ್ದಕ್ಕೂ ಕುಲುಕಾಡಿ ಗಂತಿಯಿಂದ ಬಿಡಿಬಿಡಿಯಾಗಿ ಕಳಚಿಕೊಂಡಿದ್ದ ಜೀವಂತ ಕೋಶಗಳಿಂದ. ಆ ಬಿಡಿ ಕೋಶಗಳು ದ್ರವದಲ್ಲಿ ಬೆಳೆದವು. 1964ರ ಫೆಬ್ರವರಿಯಲ್ಲಿ ಅವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿಟ್ಟಾಗ ಮೊದಲ ನೋಟದಲ್ಲೇ ಹರ್ಪಿಸ್ ಕುಲದ ವೈರಸ್ ಕಾಣಿಸಿತು. ಮಾದರಿ ಸುಟ್ಟುಹೋದೀತೆಂದು ಹೆದರಿ ಯಂತ್ರ ಆರಿಸಿ, ಕೋಟೂ ಇಲ್ಲದೆ ಹಿಮದಲ್ಲಿ ಒಂದು ಸುತ್ತು ನಡೆದುಬಂದೆ ಎಂದು ಎಪ್‌ಸ್ಟೀನ್ ಮುಂದೆ ಹೇಳಿಕೊಂಡಿದ್ದಾರೆ. ಮಾರ್ಚ್ 28ರ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಎಪ್‌ಸ್ಟೀನ್, ಅಚಾಂಗ್, ಬಾರ್ ಮೂವರ ಲೇಖನ ಬಂತು. ವೈರಸ್ಸಿನ ಹೆಸರಿನಲ್ಲಿ ಅಚಾಂಗ್ ಉಳಿಯಲಿಲ್ಲ. ಎಪ್‌ಸ್ಟೀನ್ 2024ರ ಫೆಬ್ರವರಿಯಲ್ಲಿ 102ನೇ ವಯಸ್ಸಿನಲ್ಲಿ ನಿಧನರಾದರು.

ಇಲ್ಲಿಗೆ ಕಾಗೆ ಸಿಕ್ಕಿತು. ಆದರೆ ಅದರ ಹೊಣೆ ಎಷ್ಟೆಂದು ಹೇಗೆ ಹೇಳುವುದು? ಫಿಲಡೆಲ್ಫಿಯದ ಹೆನ್ಲೆ ದಂಪತಿಗಳು, ವರ್ನರ್ ಮತ್ತು ಗರ್ಟ್ರೂಡ್, ಈ ವೈರಸ್ಸಿಗೆ ಎದುರಾದ ಪ್ರತಿಕಾಯಗಳನ್ನು ರಕ್ತದಲ್ಲಿ ಹುಡುಕುವ ಪರೀಕ್ಷೆ ಕಂಡುಹಿಡಿದರು. ಹುಡುಕಿದಾಗ ಆಫ್ರಿಕದ ಮಕ್ಕಳಲ್ಲಿ ಮಾತ್ರವಲ್ಲ, ಅಮೆರಿಕದ ಆರೋಗ್ಯವಂತರಲ್ಲೂ ಬಹುಪಾಲು ಮಂದಿಗೆ ಪ್ರತಿಕಾಯ ಇತ್ತು! ಇದು ಮುಜುಗರದ ಸಂಗತಿ. ಪ್ರತಿಕಾಯ ಇಲ್ಲದವರ ರಕ್ತ ಹೋಲಿಕೆಗೆ ಬೇಕಿತ್ತು. ಅವರದೇ ಪ್ರಯೋಗಶಾಲೆಯ ಒಬ್ಬ ತಂತ್ರಜ್ಞೆಯ ರಕ್ತವನ್ನು ಅದಕ್ಕೆ ಬಳಸುತ್ತಿದ್ದರು. 1967ರಲ್ಲಿ ಆಕೆಗೆ ಜ್ವರ ಬಂದು ಗಂಟಲು, ಕುತ್ತಿಗೆಯ ಗ್ರಂಥಿಗಳು ಊದಿದವು. ಅದು ಹರೆಯದವರಿಗೆ ಬರುವ ಮೊನೊನ್ಯೂಕ್ಲಿಯೋಸಿಸ್ ಎಂಬ ಕಾಯಿಲೆ. ವಾಸಿಯಾದ ಮೇಲೆ ನೋಡಿದರೆ ಆಕೆಯ ರಕ್ತದಲ್ಲಿ ಪ್ರತಿಕಾಯ ತುಂಬಿತ್ತು. 1968ರಲ್ಲಿ ಈ ಸಂಬಂಧ ಪ್ರಕಟವಾಯಿತು. 1970ರಲ್ಲಿ ಹೆರಾಲ್ಡ್ ಸುರ್ ಹೌಸೆನ್ ಬರ್ಕಿಟ್ ಗಂತಿಯಲ್ಲೂ, ದಕ್ಷಿಣ ಚೀನದಲ್ಲಿ ಹೆಚ್ಚಾಗಿ ಕಾಣುವ ಮೂಗಿನ ಹಿಂಭಾಗದ ಕ್ಯಾನ್ಸರಿನಲ್ಲೂ ವೈರಸ್ಸಿನ ಡಿಎನ್‌ಎ ಇರುವುದನ್ನು ತೋರಿಸಿದರು. 1978ರಲ್ಲಿ ಉಗಾಂಡದ 42,000 ಮಕ್ಕಳ ರಕ್ತವನ್ನು ಮೊದಲೇ ತೆಗೆದಿಟ್ಟು ಕಾದು ನೋಡಿದ ಅಧ್ಯಯನ ಹೊರಬಂತು: ಮುಂದೆ ಗಂತಿ ಬಂದ ಮಕ್ಕಳಲ್ಲಿ ಗಂತಿಗೆ ಬಹು ಮುಂಚೆಯೇ ಪ್ರತಿಕಾಯದ ಮಟ್ಟ ಹೆಚ್ಚಿತ್ತು. ಕಾಗೆ ಮೊದಲು ಬಂದು ಕೂತಿತ್ತು ಎಂಬುದಕ್ಕೆ ಇದು ಸಾಕ್ಷಿ. ಮಲೇರಿಯ ಕೈಜೋಡಿಸದೆ ಆಫ್ರಿಕದಲ್ಲಿ ಈ ಗಂತಿ ಇಷ್ಟೊಂದು ಕಾಣುವುದಿಲ್ಲ ಎಂಬುದೂ ಕ್ರಮೇಣ ತಿಳಿಯಿತು. ಬರ್ಕಿಟ್ ನಕ್ಷೆಯ ಸೊಳ್ಳೆ ತಂದದ್ದು ವೈರಸ್ಸನ್ನಲ್ಲ, ಮಲೇರಿಯವನ್ನು.

ಜಠರದ ಕಡೆಗೆ

ಇಷ್ಟೆಲ್ಲ ಆಗುವವರೆಗೆ ಜಠರದ ಕಡೆ ಯಾರೂ ವೈರಸ್ ಹುಡುಕಿಕೊಂಡು ಹೋಗಿರಲಿಲ್ಲ. ಜಠರದಲ್ಲಿ ಆಮ್ಲವಿದೆ, ಅಲ್ಲಿ ಸೂಕ್ಷ್ಮಜೀವಿ ಬದುಕುವುದೇ ಇಲ್ಲ ಎಂಬುದು ಬಹುಕಾಲದ ನಂಬಿಕೆ. 1982ರಲ್ಲಿ ಆಸ್ಟ್ರೇಲಿಯದ ಪರ್ತ್ ನಗರದಲ್ಲಿ ರಾಬಿನ್ ವಾರನ್ ಮತ್ತು ಬ್ಯಾರಿ ಮಾರ್ಷಲ್ ಹೆಲಿಕೊಬ್ಯಾಕ್ಟರ್ ಪೈಲೊರಿ ಎಂಬ ಬ್ಯಾಕ್ಟೀರಿಯವನ್ನು ಜಠರದಿಂದ ತೆಗೆದು ಬೆಳೆಸಿದಾಗ ಆ ನಂಬಿಕೆ ಮುರಿಯಿತು. 1994ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅದನ್ನು ಮನುಷ್ಯನಲ್ಲಿ ಕ್ಯಾನ್ಸರ್ ತರುವ ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಜಠರ ಕ್ಯಾನ್ಸರಿನ ಬಹುಭಾಗದ ಹೊಣೆ ಈ ಬ್ಯಾಕ್ಟೀರಿಯದ್ದು. ಅದರ ಕಥೆ ಎಲ್ಲ ಕಡೆ ಬಂದಿದೆ, ಇಲ್ಲಿ ಬೆಳೆಸುವುದಿಲ್ಲ.

ವೈರಸ್ಸಿನ ಸುಳಿವು ಬೇರೆ ದಾರಿಯಿಂದ ಬಂತು. 1976ರಲ್ಲಿ ಜಪಾನಿನ ವತನಬೆ ಮತ್ತು ಸಂಗಡಿಗರು ಒಂದು ವಿಶೇಷ ಬಗೆಯ ಜಠರ ಕ್ಯಾನ್ಸರನ್ನು ವರ್ಣಿಸಿದರು. ಅದರಲ್ಲಿ ಕ್ಯಾನ್ಸರ್ ಕೋಶಗಳ ಸುತ್ತ ಲಿಂಫೋಸೈಟುಗಳು ಜಾತ್ರೆಯ ಹಾಗೆ ನೆರೆದಿರುತ್ತವೆ. ಎಷ್ಟೋ ಕಡೆ ಕ್ಯಾನ್ಸರ್ ಕೋಶವನ್ನು ಆ ಗುಂಪಿನಲ್ಲಿ ಹುಡುಕಬೇಕಾಗುತ್ತದೆ. ಈ ಬಗೆಯ ಗಂತಿಯವರು ಉಳಿದವರಿಗಿಂತ ಹೆಚ್ಚು ಕಾಲ ಬದುಕುತ್ತಿದ್ದರು ಎಂಬುದನ್ನೂ ಅವರು ಗುರುತಿಸಿದ್ದರು. ಏಕೆಂದು ತಿಳಿದಿರಲಿಲ್ಲ. ಸೂಕ್ಷ್ಮದರ್ಶಕದಲ್ಲಿ ಈ ಗಂತಿ ಮೂಗಿನ ಹಿಂಭಾಗದ ಆ ಕ್ಯಾನ್ಸರನ್ನು ಬಹಳವಾಗಿ ಹೋಲುತ್ತದೆ. ರೂಪ ಒಂದೇ ಆದರೆ ಕಾರಣವೂ ಒಂದೇ ಇರಬಹುದೇ? 1990ರಲ್ಲಿ ಅಮೆರಿಕದ ಬರ್ಕ್ ಮತ್ತು ಸಂಗಡಿಗರು ಇಂಥ ಜಠರ ಗಂತಿಯಲ್ಲಿ ಪಿಸಿಆರ್ ವಿಧಾನದಿಂದ ಹುಡುಕಿದಾಗ ಇಬಿವಿಯ ಡಿಎನ್‌ಎ ಸಿಕ್ಕಿತು.

ಇಲ್ಲಿ ಒಂದು ನಿಮಿಷ ನಿಲ್ಲಬೇಕು. ಪಿಸಿಆರ್ ಎಂದರೆ ಬೇಕಾದ ಡಿಎನ್‌ಎ ತುಣುಕೊಂದನ್ನು ಎರಡು, ನಾಲ್ಕು, ಎಂಟು ಎಂದು ದ್ವಿಗುಣಿಸುತ್ತಾ ಕೋಟಿಗಟ್ಟಲೆ ಪ್ರತಿ ಮಾಡುವ ವಿಧಾನ. ಅದರ ಬಲವೇ ಅದರ ದೌರ್ಬಲ್ಯ. ಆರೋಗ್ಯವಂತ ವಾಹಕನ ಹತ್ತು ಲಕ್ಷ ಬಿ ಕೋಶಗಳಲ್ಲಿ ಒಂದರಿಂದ ಐವತ್ತರಷ್ಟು ಕೋಶಗಳಲ್ಲಿ ಇಬಿವಿ ಇರುತ್ತದೆ. ಜಠರದ ತುಣುಕೊಂದನ್ನು ಅರೆದು ಪಿಸಿಆರ್‌ಗೆ ಹಾಕಿದರೆ, ಅದರಲ್ಲಿ ಸಿಕ್ಕಿಕೊಂಡಿದ್ದ ಅಂಥ ಒಂದೆರಡು ಬಿ ಕೋಶಗಳೇ ಸಾಕು, ಪರೀಕ್ಷೆ ‘ವೈರಸ್ ಇದೆ’ ಎನ್ನುತ್ತದೆ. ಅದರಲ್ಲೂ ಲಿಂಫೋಸೈಟುಗಳ ಜಾತ್ರೆಯೇ ನೆರೆದ ಗಂತಿಯಲ್ಲಿ! ವೈರಸ್ ಜಠರದ ಅಂಗಾಂಶದಲ್ಲಿದೆ ಎಂಬುದೂ ಜಠರದ ಕ್ಯಾನ್ಸರ್ ಕೋಶದಲ್ಲಿದೆ ಎಂಬುದೂ ಒಂದೇ ಅಲ್ಲ. ಮದುವೆ ಮನೆಯಲ್ಲಿ ಒಡವೆ ಕಳುವಾದಾಗ, ಊರಿನ ಕಳ್ಳ ಆ ದಿನ ಮನೆಯೊಳಗಿದ್ದನೋ ಇಲ್ಲವೋ ಎಂದು ಕೇಳಿದರೆ ಸಾಲದು. ಒಡವೆಯ ಕೋಣೆಯಲ್ಲಿದ್ದನೇ ಎಂದು ಕೇಳಬೇಕು.

ಕೋಣೆಯನ್ನು ತೋರಿಸುವ ಉಪಾಯ ಅದಾಗಲೇ ಸಿದ್ಧವಾಗಿತ್ತು. 1981ರಲ್ಲಿ ಯೇಲ್ ವಿಶ್ವವಿದ್ಯಾಲಯದ ಜೋನ್ ಸ್ಟೈಟ್ಸ್ ಅವರ ತಂಡ, ಈ ವೈರಸ್ ಕೋಶದೊಳಗೆ ಸುಪ್ತವಾಗಿ ಅಡಗಿರುವಾಗಲೂ ಎರಡು ಬಗೆಯ ಚಿಕ್ಕ ಆರ್‌ಎನ್‌ಎಗಳನ್ನು ಉತ್ಪಾದಿಸುತ್ತದೆಂದು ಕಂಡಿತ್ತು. ಅವಕ್ಕೆ ಇಬರ್ ಎಂದು ಹೆಸರು. ಒಂದೇ ಕೋಶದಲ್ಲಿ ಹತ್ತು ಲಕ್ಷದಷ್ಟು ಪ್ರತಿಗಳಿರಬಲ್ಲವು. ಇಬರ್‌ಗೆ ಅಂಟಿಕೊಳ್ಳುವ, ಬಣ್ಣ ತೋರುವ ತುಣುಕೊಂದನ್ನು ತಯಾರಿಸಿ ಅಂಗಾಂಶದ ತೆಳು ಬಿಲ್ಲೆಯ ಮೇಲೆ ಹಾಕಿದರೆ, ವೈರಸ್ ಇರುವ ಕೋಶಗಳ ನ್ಯೂಕ್ಲಿಯಸ್ ಮಾತ್ರ ಬಣ್ಣ ತಾಳುತ್ತದೆ. ಅಂಗಾಂಶವನ್ನು ಅರೆಯುವುದಿಲ್ಲವಾದ್ದರಿಂದ ಯಾವ ಕೋಶ ಎಂದು ಕಣ್ಣಾರೆ ನೋಡಬಹುದು. ಹಳೆಯ ಮೇಣದ ಅಚ್ಚುಗಳಲ್ಲಿ ವರ್ಷಗಟ್ಟಲೆ ಇಟ್ಟ ಗಂತಿಗಳಲ್ಲೂ ಇದು ನಡೆಯುತ್ತದೆ.

1992ರಲ್ಲಿ ಲಾಸ್ ಏಂಜಲೀಸ್‌ನ ಶಿಬಾಟ ಮತ್ತು ವೈಸ್ 138 ಜಠರ ಕ್ಯಾನ್ಸರುಗಳನ್ನು ಪರೀಕ್ಷಿಸಿದರು. 22ರಲ್ಲಿ, ಎಂದರೆ ನೂರಕ್ಕೆ 16ರಲ್ಲಿ, ವೈರಸ್ ಕಂಡಿತು. ಬರ್ಕ್ ನೋಡಿದ ಅಪರೂಪದ ಬಗೆಯಲ್ಲಷ್ಟೇ ಅಲ್ಲ, ಸಾಮಾನ್ಯ ಬಗೆಯ ಗಂತಿಗಳಲ್ಲೂ. ಮರುವರ್ಷ ಜಪಾನಿನ ಕಾಗೋಶಿಮದ ತೊಕುನಾಗ ಮತ್ತು ಸಂಗಡಿಗರು 999 ಗಂತಿಗಳನ್ನು ನೋಡಿ ನೂರಕ್ಕೆ 6.9ರಲ್ಲಿ ವೈರಸ್ ಇದೆಯೆಂದರು. ಸಂಖ್ಯೆಗಿಂತ ಮುಖ್ಯವಾದದ್ದು ಚಿತ್ರ. ವೈರಸ್ ಇದ್ದ ಗಂತಿಯಲ್ಲಿ ಹೆಚ್ಚುಕಡಿಮೆ ಪ್ರತಿಯೊಂದು ಕ್ಯಾನ್ಸರ್ ಕೋಶವೂ ಬಣ್ಣ ತಾಳಿತ್ತು. ಪಕ್ಕದಲ್ಲೇ ಇದ್ದ ಆರೋಗ್ಯವಂತ ಜಠರ ಕೋಶಗಳು ಬಣ್ಣವಿಲ್ಲದೆ ಉಳಿದಿದ್ದವು. ದಾರಿಹೋಕ ವೈರಸ್ ಆಗಿದ್ದರೆ ಅಲ್ಲೊಂದು ಇಲ್ಲೊಂದು ಕೋಶದಲ್ಲಿ ಇರಬೇಕಿತ್ತು.

ಆದರೂ ಒಂದು ಸಂದೇಹ ಉಳಿಯುತ್ತದೆ. ಕ್ಯಾನ್ಸರ್ ಬೆಳೆದ ನಂತರ ವೈರಸ್ ಒಳಹೊಕ್ಕು ಎಲ್ಲ ಕೋಶಗಳಿಗೂ ಹಬ್ಬಿರಬಾರದೇಕೆ? ಇದಕ್ಕೆ ಉತ್ತರ ಕೊಟ್ಟ ವಿಧಾನ ನನಗೆ ಈ ಇಡೀ ಚರಿತ್ರೆಯಲ್ಲೇ ಅತ್ಯಂತ ಸೊಗಸಾದದ್ದು ಎನಿಸುತ್ತದೆ.

ವೈರಸ್ ಕಣದೊಳಗೆ ಇಬಿವಿಯ ಡಿಎನ್‌ಎ ಉದ್ದನೆಯ ದಾರದಂತಿರುತ್ತದೆ, ಸುಮಾರು 1,72,000 ಅಕ್ಷರಗಳ ದಾರ. ಅದರ ಎರಡು ತುದಿಗಳಲ್ಲೂ ಒಂದೇ ಬಗೆಯ ತುಣುಕು ಮತ್ತೆ ಮತ್ತೆ ಬಂದಿರುತ್ತದೆ, ಹಾರದ ತುದಿಯಲ್ಲಿ ಒಂದೇ ಬಣ್ಣದ ಮಣಿಗಳನ್ನು ಪೋಣಿಸಿದ ಹಾಗೆ. ಒಂದೊಂದು ವೈರಸ್ ಕಣದಲ್ಲಿ ಈ ಮಣಿಗಳ ಸಂಖ್ಯೆ ಬೇರೆ ಬೇರೆ. ವೈರಸ್ ಕೋಶವನ್ನು ಹೊಕ್ಕಮೇಲೆ ದಾರದ ಎರಡು ತುದಿಗಳು ಕೂಡಿ ಉಂಗುರವಾಗುತ್ತದೆ. ಆಗ ಕೂಡಿಕೆಯಲ್ಲಿ ಎಷ್ಟು ಮಣಿ ಉಳಿಯಿತೋ ಅಷ್ಟೇ. ಕೋಶ ಒಡೆದು ಎರಡಾದಾಗ, ನಾಲ್ಕಾದಾಗ, ಕೋಟಿಯಾದಾಗ ಅದೇ ಸಂಖ್ಯೆ ಮುಂದುವರಿಯುತ್ತದೆ. ಬೆಳೆದ ಗಂತಿಗೆ ವೈರಸ್ ತಡವಾಗಿ ನುಗ್ಗಿದ್ದರೆ ಬೇರೆ ಬೇರೆ ಕೋಶಗಳಲ್ಲಿ ಬೇರೆ ಬೇರೆ ಸಂಖ್ಯೆಯ ಮಣಿಗಳಿರಬೇಕು. ಗಂತಿಯ ಮೂಲವಾದ ಒಂದೇ ಕೋಶವನ್ನು ವೈರಸ್ ಮೊದಲೇ ಹೊಕ್ಕಿದ್ದರೆ ಇಡೀ ಗಂತಿಯಲ್ಲಿ ಒಂದೇ ಸಂಖ್ಯೆ ಇರಬೇಕು. ನ್ಯಾನ್ಸಿ ರಾಬ್-ಟ್ರಾಬ್ ಮತ್ತು ಫ್ಲಿನ್ 1986ರಲ್ಲಿ ಈ ಲೆಕ್ಕವನ್ನು ಮೂಗಿನ ಹಿಂಭಾಗದ ಕ್ಯಾನ್ಸರಿಗೆ ಅನ್ವಯಿಸಿದ್ದರು. 1994ರಲ್ಲಿ ಜಪಾನಿನ ಇಮಾಯ್ ಮತ್ತು ಸಂಗಡಿಗರು ಜಠರದ ಗಂತಿಗಳಲ್ಲಿ ಎಣಿಸಿದರು. ಒಂದೇ ಸಂಖ್ಯೆ. ಅಂದರೆ ವೈರಸ್ ಹೊಕ್ಕ ಒಂದು ಕೋಶದ ಸಂತಾನವೇ ಆ ಗಂತಿ.

ಕಾಗೆ ಕೊಂಬೆ ಮುರಿಯುವ ಮೊದಲೇ ಕೂತಿತ್ತು ಎಂಬಲ್ಲಿಗೆ ಬಂದೆವು. ಭಾರದಿಂದಲೇ ಮುರಿಯಿತೇ ಎಂಬುದು ಇನ್ನೂ ಬಾಕಿ.

ಕೋಶದೊಳಗೆ ನಡೆಯುವುದೇನು?

2009ರಲ್ಲಿ ಮರ್ಫಿ ಮತ್ತು ಸಂಗಡಿಗರು ಅದುವರೆಗೆ ಬಂದ 70 ಅಧ್ಯಯನಗಳ ಸುಮಾರು 16,000 ರೋಗಿಗಳ ಮಾಹಿತಿಯನ್ನು ಒಟ್ಟುಗೂಡಿಸಿದರು. ಒಟ್ಟಾರೆ ನೂರಕ್ಕೆ 8.7 ಗಂತಿಗಳಲ್ಲಿ ವೈರಸ್. ವಿಚಿತ್ರವೆಂದರೆ ಏಷ್ಯ, ಯುರೋಪ್, ಅಮೆರಿಕ ಎಲ್ಲ ಕಡೆಯೂ ಈ ಪಾಲು ಹೆಚ್ಚುಕಡಿಮೆ ಒಂದೇ. ಗಂಡಸರಲ್ಲಿ 11.1, ಹೆಂಗಸರಲ್ಲಿ 5.2. ಜಠರದ ಮೇಲ್ಭಾಗ ಮತ್ತು ನಡುಭಾಗದಲ್ಲಿ ಹೆಚ್ಚು, ಕೆಳತುದಿಯಲ್ಲಿ ಕಡಿಮೆ. ಹಿಂದೆ ಹುಣ್ಣು ಮುಂತಾದ ಕಾರಣಕ್ಕೆ ಜಠರದ ಭಾಗವನ್ನು ಕತ್ತರಿಸಿ ತೆಗೆದವರಲ್ಲಿ, ಉಳಿದ ತುಂಡಿನಲ್ಲಿ ಮುಂದೆ ಬರುವ ಕ್ಯಾನ್ಸರಿನಲ್ಲಂತೂ ನೂರಕ್ಕೆ 35! ಶಸ್ತ್ರಚಿಕಿತ್ಸೆಯಾದ ಜಠರದಲ್ಲಿ ಪಿತ್ತರಸ ಹಿಮ್ಮುಖವಾಗಿ ನುಗ್ಗಿ ದೀರ್ಘಕಾಲದ ಉರಿಯೂತ ಉಂಟಾಗುತ್ತದೆ; ಅಲ್ಲಿಗೆ ವೈರಸ್ ಹೊತ್ತ ಬಿ ಕೋಶಗಳು ಬಂದು ಸೇರುವುದರಿಂದ ಹೀಗಾಗಬಹುದು ಎಂಬ ಊಹೆ ಇದೆ. ಬರಿಯ ವೈರಸ್ ಕಣಗಳಿಗಿಂತ, ವೈರಸ್ ಇರುವ ಬಿ ಕೋಶ ಮೈಗೆ ಮೈ ತಾಗಿಸಿ ನಿಂತಾಗ ಒಳಪೊರೆಯ ಕೋಶಕ್ಕೆ ಸೋಂಕು ಬಹು ಸುಲಭವಾಗಿ ದಾಟುತ್ತದೆಂದು 1998ರಲ್ಲಿ ಜಪಾನಿನ ತಕಾಡ ಅವರ ತಂಡ ಪ್ರಯೋಗಶಾಲೆಯಲ್ಲಿ ತೋರಿಸಿದ್ದು ಈ ಊಹೆಗೆ ಬಲ ಕೊಡುತ್ತದೆ.

ಹೊಕ್ಕ ವೈರಸ್ ಅಲ್ಲಿ ಮಾಡುವುದು ಮೇಲ್ನೋಟಕ್ಕೆ ಬಹಳ ಕಡಿಮೆ. ಅದು ಹೊಸ ವೈರಸ್ಸುಗಳನ್ನು ಹೆರುವುದಿಲ್ಲ, ಕೋಶವನ್ನು ಒಡೆಯುವುದಿಲ್ಲ. ತನ್ನ ಜೀನುಗಳಲ್ಲಿ ಕೆಲವನ್ನಷ್ಟೇ ಬಳಸುತ್ತದೆ. ಕುತೂಹಲದ ಬದಲಾವಣೆ ಆಗುವುದು ಆತಿಥೇಯ ಕೋಶದ ಡಿಎನ್‌ಎಯಲ್ಲಿ. ಡಿಎನ್‌ಎಯ ಕೆಲವು ಅಕ್ಷರಗಳಿಗೆ ಮೀಥೈಲ್ ಗುಂಪು ಎಂಬ ಚಿಕ್ಕ ರಾಸಾಯನಿಕ ಬೀಗ ಬೀಳುತ್ತದೆ. ಬೀಗ ಬಿದ್ದ ಜೀನ್ ಅಳಿಯುವುದಿಲ್ಲ, ಆದರೆ ಓದಲು ಸಿಗುವುದಿಲ್ಲ. ಕೋಶ ಮಿತಿಮೀರಿ ಒಡೆಯದಂತೆ ತಡೆಯುವ ಪಿ16 ಎಂಬ ಜೀನ್ ಕೂಡ ಹೀಗೆ ಮುಚ್ಚಿಹೋಗುತ್ತದೆ. 2011ರಲ್ಲಿ ಜಪಾನಿನ ಕನೇದ ಅವರ ತಂಡ ಇಂಥ ಬೀಗಗಳು ಕಡಿಮೆ ಇದ್ದ ಜಠರ ಕ್ಯಾನ್ಸರ್ ಕೋಶಗಳಿಗೆ ಬೇಕೆಂದೇ ಇಬಿವಿ ಸೋಂಕು ತಗುಲಿಸಿ ಕಾದು ನೋಡಿತು. ಕೆಲವು ವಾರಗಳಲ್ಲಿ ಬೀಗಗಳು ಅಲ್ಲೂ ಬಿದ್ದವು, ಅದೂ ರೋಗಿಗಳ ಗಂತಿಯಲ್ಲಿ ಕಾಣುವ ಮಾದರಿಯಲ್ಲೇ. ಫಿಬಿಗರ್ ಮಾಡಲಾಗದ ಪ್ರಯೋಗ ಇದು. ವೈರಸ್ ಒಂದನ್ನು ಬಿಟ್ಟು ಬೇರೇನನ್ನೂ ಬದಲಿಸದೆ ನೋಡಿದ್ದು. ಆದರೆ ಎಚ್ಚರ: ಬಳಸಿದ ಕೋಶಗಳು ಮೊದಲೇ ಕ್ಯಾನ್ಸರ್ ಆದವು.

2014ರಲ್ಲಿ ಅಮೆರಿಕದ ಕ್ಯಾನ್ಸರ್ ಜೀನೋಮ್ ಯೋಜನೆ 295 ಜಠರ ಗಂತಿಗಳನ್ನು ಅಣುಮಟ್ಟದಲ್ಲಿ ಪರಿಶೀಲಿಸಿ ನಾಲ್ಕು ಬಗೆಗಳಾಗಿ ವಿಂಗಡಿಸಿತು. ಅವುಗಳಲ್ಲಿ ಒಂದು ಬಗೆ, ನೂರಕ್ಕೆ 9ರಷ್ಟು, ಇಬಿವಿ ಇರುವುದು. ಅದುವರೆಗೆ ‘ವೈರಸ್ ಸಿಕ್ಕ ಗಂತಿ’ ಎನ್ನುತ್ತಿದ್ದುದು ಅಲ್ಲಿಂದ ಮುಂದೆ ಸ್ವತಂತ್ರ ರೋಗದಂತೆ ತೋರತೊಡಗಿತು. ಈ ಬಗೆಯಲ್ಲಿ ಬೀಗಗಳ ಸಂಖ್ಯೆ ವಿಪರೀತ. ನೂರಕ್ಕೆ 80ರಲ್ಲಿ ಪಿಐಕೆ3ಸಿಎ ಎಂಬ ಜೀನಿನಲ್ಲಿ ಬದಲಾವಣೆ ಇತ್ತು. ಇನ್ನೂ ಒಂದು ವಿಷಯ ಕಂಡಿತು. ಪಿಡಿ-ಎಲ್1 ಎಂಬ ಪ್ರೊಟೀನಿನ ಜೀನ್ ಈ ಗಂತಿಗಳಲ್ಲಿ ಹಲವೆಡೆ ಹೆಚ್ಚು ಪ್ರತಿಗಳಲ್ಲಿತ್ತು. ದಾಳಿಗೆ ಬಂದ ಲಿಂಫೋಸೈಟಿಗೆ ‘ಸುಮ್ಮನಿರು’ ಎಂದು ಸನ್ನೆ ಮಾಡುವ ಪ್ರೊಟೀನ್ ಅದು. 1976ರಲ್ಲಿ ವತನಬೆ ಕಂಡ ಜಾತ್ರೆಯ ಅರ್ಥ ಈಗ ಹೊಳೆಯುತ್ತದೆ. ಲಿಂಫೋಸೈಟುಗಳು ವೈರಸ್ ಹೊತ್ತ ಕೋಶಗಳನ್ನು ಗುರುತಿಸಿ ಬಂದು ಮುತ್ತುತ್ತವೆ. ಕ್ಯಾನ್ಸರ್ ಕೋಶಗಳು ಅವನ್ನು ಸುಮ್ಮನಾಗಿಸುತ್ತವೆ. ಆ ಸನ್ನೆಯನ್ನು ತಡೆಯುವ ಪೆಂಬ್ರೊಲಿಜುಮಾಬ್ ಎಂಬ ಔಷಧವನ್ನು ದಕ್ಷಿಣ ಕೊರಿಯದಲ್ಲಿ ಹರಡಿದ ಜಠರ ಕ್ಯಾನ್ಸರಿನ 61 ರೋಗಿಗಳಿಗೆ ಕೊಟ್ಟು 2018ರಲ್ಲಿ ಫಲಿತಾಂಶ ಪ್ರಕಟಿಸಿದರು. ಅವರಲ್ಲಿ ಆರು ಮಂದಿಯ ಗಂತಿಯಲ್ಲಿ ಇಬಿವಿ ಇತ್ತು. ಆರೂ ಮಂದಿಯ ಗಂತಿ ಕುಗ್ಗಿತು. ಆರು ಸಣ್ಣ ಸಂಖ್ಯೆ, ಮುಂದಿನ ಅಧ್ಯಯನಗಳಲ್ಲಿ ಫಲ ಇಷ್ಟು ಪೂರ್ಣವಾಗಿ ಬರಲಿಲ್ಲ. ಆದರೂ ಗಂತಿಯನ್ನು ಇಬರ್ ಪರೀಕ್ಷೆಗೆ ಒಡ್ಡುವುದಕ್ಕೆ ಅಲ್ಲಿಂದ ಹೊಸ ಅರ್ಥ ಬಂತು.

ಇಷ್ಟಾದರೂ ತೀರ್ಪು ಪೂರ್ತಿ ಬಂದಿಲ್ಲ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1997ರಲ್ಲೇ ಇಬಿವಿಯನ್ನು ಮೊದಲ ಗುಂಪಿಗೆ ಸೇರಿಸಿದೆ, ಆದರೆ ಬರ್ಕಿಟ್ ಗಂತಿ, ಮೂಗಿನ ಹಿಂಭಾಗದ ಕ್ಯಾನ್ಸರ್ ಮುಂತಾದವುಗಳ ಲೆಕ್ಕದಲ್ಲಿ. 2009ರಲ್ಲಿ ಮತ್ತೆ ಸೇರಿದ ತಜ್ಞರು ಜಠರ ಕ್ಯಾನ್ಸರಿನ ಹೆಸರನ್ನೂ ಎತ್ತಿಕೊಂಡರು. ಸಾಕ್ಷ್ಯ ಸೀಮಿತ ಎಂದು ಬರೆದರು. ಈ ಜಿಪುಣತನಕ್ಕೆ ಕಾರಣವಿದೆ. ಉಗಾಂಡದ 42,000 ಮಕ್ಕಳಂಥ ಅಧ್ಯಯನ ಜಠರದ ವಿಷಯದಲ್ಲಿ ಇಲ್ಲ. 1995ರಲ್ಲಿ ಹವಾಯಿಯ ಜಪಾನಿ ಮೂಲದವರಿಂದ ಮೊದಲೇ ತೆಗೆದಿಟ್ಟಿದ್ದ ರಕ್ತವನ್ನು ನೋಡಿದಾಗ, ಮುಂದೆ ವೈರಸ್ಸುಳ್ಳ ಗಂತಿ ಬಂದವರಲ್ಲಿ ಪ್ರತಿಕಾಯ ಹೆಚ್ಚಿತ್ತು. ಬೇರೆಡೆಯ ಅಧ್ಯಯನಗಳೆಲ್ಲ ಅದನ್ನು ಒಪ್ಪಲಿಲ್ಲ. ಇಲಿಗೆ ಕೊಟ್ಟು ನೋಡೋಣವೆಂದರೆ ಈ ವೈರಸ್ ಇಲಿಗೆ ತಗುಲುವುದಿಲ್ಲ.

ಪಕ್ಕಾ ಪುರಾವೆ ಇನ್ನೊಂದಿದೆ: ಕಾಗೆಯನ್ನು ಓಡಿಸಿ ಕೊಂಬೆ ಉಳಿಯುತ್ತದೆಯೇ ನೋಡುವುದು. ತೈವಾನಿನಲ್ಲಿ 1984ರಿಂದ ಹಸುಗೂಸುಗಳಿಗೆ ಹೆಪಟೈಟಿಸ್ ಬಿ ಲಸಿಕೆ ಹಾಕಿದ ಮೇಲೆ ಮಕ್ಕಳ ಯಕೃತ್ತಿನ ಕ್ಯಾನ್ಸರ್ ಇಳಿದದ್ದು ಅಂಥ ಪುರಾವೆ. ಇಬಿವಿಗೂ ಲಸಿಕೆ ಬೇಕೆಂದು ಎಪ್‌ಸ್ಟೀನ್ 1976ರಲ್ಲೇ ವಾದಿಸಿದ್ದರು. 2007ರಲ್ಲಿ ಪ್ರಕಟವಾದ, 181 ಯುವಜನರ ಮೇಲೆ ನಡೆದ ಒಂದು ಪ್ರಯೋಗದಲ್ಲಿ ಲಸಿಕೆ ಮೊನೊನ್ಯೂಕ್ಲಿಯೋಸಿಸ್ ಕಾಯಿಲೆಯನ್ನು ನೂರಕ್ಕೆ 78ರಷ್ಟು ತಗ್ಗಿಸಿತು, ಆದರೆ ಸೋಂಕನ್ನು ತಡೆಯಲಿಲ್ಲ. ಬೇರೆ ಲಸಿಕೆಗಳು ಅನಂತರ ಪರೀಕ್ಷೆಗೆ ಬಂದಿವೆ. ಅವುಗಳಲ್ಲಿ ಒಂದು ಗೆದ್ದಿತೆಂದೇ ಇಟ್ಟುಕೊಳ್ಳಿ. ಬರ್ಕಿಟ್ ಗಂತಿ ಬರುವುದು ಎಳೆಯ ಮಕ್ಕಳಿಗೆ. ಅದು ಇಳಿಯಿತೇ ಎಂದು ಹತ್ತು ವರ್ಷದಲ್ಲಿ ತಿಳಿದೀತು. ಜಠರದ ಕ್ಯಾನ್ಸರ್ ಹೆಚ್ಚಾಗಿ ಬರುವುದು ಐವತ್ತು ದಾಟಿದವರಿಗೆ. ಲಸಿಕೆ ಹಾಕಿಸಿಕೊಂಡ ಮೊದಲ ಕೂಸಿಗೆ ಆ ವಯಸ್ಸಾಗುವವರೆಗೆ ಎಣಿಸುತ್ತಾ ಕಾಯಬೇಕು.